ರಾಜ್ಯಾಂಗದ ಕರಡುಗಾರ ಬೆನಗಲ್ ನರಸಿಂಗರಾಯರು

ನಮ್ಮ ರಾಜ್ಯಾಂಗದ ಮಾತು ಬಂದೊಡನೆ ಡಾಕ್ಟರ್ ಅಂಬೇಡ್ಕರರ ಹೆಸರು ನೆನಪಿಗೆ ಬರುವುದು ಸಹಜ, ನ್ಯಾಯವೂ ಹೌದು. ಆದರೆ ಅಂಬೇಡ್ಕರರೇ 1949ರ ನವೆಂಬರ್ 25ರಂದು ರಾಜ್ಯಾಂಗ ಸಭೆಯಲ್ಲಿ ಕೊನೆಯ ಸಲ ವಿಸ್ತಾರವಾಗಿ ಮಾತನಾಡಿದಾಗ, ತಮಗೆ ಸಲ್ಲುತ್ತಿದ್ದ ಕೀರ್ತಿಯಲ್ಲಿ ಒಂದು ಪಾಲು ಬೆನಗಲ್ ನರಸಿಂಗರಾಯರಿಗೆ ಸೇರಬೇಕೆಂದು ತಿಳಿಸಿದರು. ಮರುದಿನ ಸಭೆಯ ಅಧ್ಯಕ್ಷರಾದ ರಾಜೇಂದ್ರ ಪ್ರಸಾದರು, ರಾಯರು ಅಲ್ಲಿದ್ದಷ್ಟು ಕಾಲವೂ ಸಂಬಳವಿಲ್ಲದೆ ದುಡಿದರೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಿದರು. ಇಷ್ಟು ದೊಡ್ಡವರ ಬಾಯಿಂದ ಇಷ್ಟು ಮನ್ನಣೆ ಪಡೆದ ಕನ್ನಡನಾಡಿನ ಈ ಮಗನನ್ನು ಕನ್ನಡನಾಡು ಬಲ್ಲುದು ಕಡಮೆ. ವಿದ್ಯಾರ್ಥಿಗಳಿಗೆ ರಾಜ್ಯಶಾಸ್ತ್ರವನ್ನು ಹೇಳಿಕೊಡುವವನಾದ ನನಗೆ ಈ ಕೊರತೆ ಆಗಾಗ ಚುಚ್ಚುತ್ತದೆ. ಅದಕ್ಕಾಗಿ ಅವರ ಬಾಳನ್ನು ಒಂದು ಪ್ರಶ್ನೆಯ ಬೆಳಕಿನಲ್ಲಿಟ್ಟು ಇಲ್ಲಿ ಹೇಳಹೊರಟಿದ್ದೇನೆ. ಆ ಪ್ರಶ್ನೆ ಇದು: ರಾಷ್ಟ್ರಪತಿಯ ಹೆಸರಿನಲ್ಲಿ ನಡೆಯುವ ದೊಡ್ಡ ದೊಡ್ಡ ನೇಮಕಗಳ ನಿಯಮವನ್ನು ಎಲ್ಲಿ ಬರೆದಿಡಬೇಕು, ರಾಜ್ಯಾಂಗದಲ್ಲಿಯೋ, ಪಾರ್ಲಿಮೆಂಟು ಮಾಡುವ ಸಾಮಾನ್ಯ ಕಾನೂನಿನಲ್ಲಿಯೋ? ಒಣಗಿದ ಪ್ರಶ್ನೆಯಂತೆ ಕಾಣುವ ಇದರೊಳಗೆ ನಮ್ಮ ಮತದ ಬೆಲೆಯೇ ಅಡಗಿದೆಯೆಂಬುದು ಮುಂದೆ ತಿಳಿಯುತ್ತದೆ.

ನರಸಿಂಗರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡದ ಸಾರಸ್ವತ ಮನೆತನವೊಂದರಲ್ಲಿ. ತಂದೆ ರಾಘವೇಂದ್ರರಾಯರು ವೈದ್ಯರು. ಆ ಮನೆಯ ಮಕ್ಕಳಲ್ಲಿ ಒಬ್ಬರಾದ ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇನ್ನೊಬ್ಬರಾದ ಶಿವರಾಯರು ಪತ್ರಿಕೋದ್ಯಮಿಯಾಗಿ, ರಾಜ್ಯಾಂಗ ಸಭೆಯ ಸದಸ್ಯರಾಗಿ ಹೆಸರಾದರು. ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. ಮದರಾಸಿನಲ್ಲಿ ಪದವಿ ಪಡೆದ ಮೇಲೆ ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು ಸೇರಿದರು. ಜವಾಹರಲಾಲ ನೆಹರೂ ಅವರೂ ಆ ದಿನಗಳಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿ. ಗಣಿತವೂ ಸಂಸ್ಕೃತವೂ ರಾಯರಿಗೆ ಸಮವಾಗಿ ಒಲಿದಿದ್ದುವು. ಪದವನ್ನು ತೂಗಿ ಇಡುವ ಅವರ ಮುಂದಿನ ಜಾಣ್ಮೆಗೆ ಈ ಎರಡು ಶಾಸ್ತ್ರಗಳೂ ನೀರೆರೆದುವೆಂದು ನಾನು ಭಾವಿಸುತ್ತೇನೆ.

ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಗೆದ್ದ ತರುಣನಿಗೆ ತವರು ಪ್ರಾಂತದಲ್ಲಿ ಅಧಿಕಾರ ನಡೆಸುವ ಆಸೆ ಇರುವುದು ಮನುಷ್ಯ ಸ್ವಭಾವ. ರಾಯರದು ಬೇರೆಯ ಬಗೆ. ಮದರಾಸು ಪ್ರಾಂತದಲ್ಲಿ ತಮಗೆ ನಂಟರಿಷ್ಟರು ಬಹಳ, ಆಸ್ತಿಯೂ ಇದೆ. ಆದುದರಿಂದ ತಮ್ಮನ್ನು ಬೇರೆ ಕಡೆಗೆ ಕಳುಹಿಸಬೇಕೆಂದು ಅವರು ಮೇಲಿನವರನ್ನು ಕೇಳಿಕೊಂಡರು. ಕೊನೆಗೆ ಬಂಗಾಳಕ್ಕೆ ಹೋದರು. ಅಧಿಕಾರದಲ್ಲಿರುವವನಿಗೂ ಅವನಿಂದ ಲಾಭ ಪಡೆಯಬಲ್ಲವರಿಗೂ ನಡುವೆ ದೂರವಿರಬೇಕೆಂಬ ತತ್ತ್ವವನ್ನು ಯಾವ ಕಾನೂನೂ ಹೇಳದಿದ್ದಾಗಲೇ ತಮ್ಮ ಮೇಲೆ ತಾವೇ ವಿಧಿಸಿಕೊಂಡವರು ಅವರು. ಅವರ ಬಾಳಿನಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಸಂಗತಿ ಇದು. ಮುಂದೆ ದೇಶಕ್ಕಾಗಿ ಅವರು ಬರೆದ ಕರಡುಗಳಲ್ಲಿ ಈ ತತ್ತ್ವವೇ ಬೇರೆ ಬೇರೆ ರೂಪದಲ್ಲಿ ತಲೆಯೆತ್ತುವುದನ್ನು ಕಾಣಬಹುದು.

ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದ ರಾಯರು 1925ರಲ್ಲಿ ಅಸ್ಸಾಮಿಗೆ ಹೋಗಿ, ಅಲ್ಲಿಯ ಶಾಸನಸಭೆಯ ಕಾರ್ಯದರ್ಶಿಯಾಗಿ, ಸರಕಾರಕ್ಕೆ ಕಾನೂನಿನ ಸಲಹೆಗಾರರಾಗಿ ಹಲವು ವರ್ಷ ದುಡಿದರು. ಮಸೂದೆ ಹೇಗೆ ಹುಟ್ಟುತ್ತದೆ, ಒಂದು ಅಲ್ಪವಿರಾಮ ಎಲ್ಲಿ ಜಗಳ ತರುತ್ತದೆ ಎಂಬ ವಿದ್ಯೆಯನ್ನು ಅವರು ಕೈಯಾರೆ ಕಲಿತದ್ದು ಅಲ್ಲಿ. 1935ರ ಇಂಡಿಯಾ ಸರಕಾರದ ಶಾಸನ ಬಂದ ಮೇಲೆ ಇಡೀ ದೇಶದ ಕಾನೂನುಗಳನ್ನು ಹೊಸ ವ್ಯವಸ್ಥೆಗೆ ಹೊಂದುವಂತೆ ತಿದ್ದುವ ಭಾರ ಅವರ ಮೇಲೆ ಬಿತ್ತು. ಆ ಕೆಲಸ ಮುಗಿದಾಗ, 1938ರಲ್ಲಿ, ಬ್ರಿಟಿಷ್ ಸರಕಾರ ಅವರಿಗೆ ಸರ್ ಪದವಿಯನ್ನಿತ್ತಿತು. ಬಳಿಕ ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬುಗಳ ನಡುವೆ ಎದ್ದ ವ್ಯಾಜ್ಯವನ್ನು ವಿಚಾರಿಸಿದ ಆಯೋಗಕ್ಕೆ ಅಧ್ಯಕ್ಷರಾದರು. 1941ರಿಂದ ಹಿಂದೂ ಕಾನೂನಿನ ಸಮಿತಿಯನ್ನು ನಡೆಸಿದರು. ಹೆಣ್ಣುಮಕ್ಕಳ ಆಸ್ತಿಯ ಹಕ್ಕು, ವಿವಾಹ ವಿಚ್ಛೇದನ ಮೊದಲಾದ ವಿಷಯಗಳಲ್ಲಿ 1955 ಮತ್ತು 1956ರಲ್ಲಿ ಬಂದ ಕಾನೂನುಗಳಿಗೆ ದಾರಿ ಕಡಿದದ್ದು ಆ ಸಮಿತಿಯ ಪರಿಶ್ರಮವೇ. 1944ರಲ್ಲಿ ಕಾಶ್ಮೀರದ ದಿವಾನಗಿರಿ ವಹಿಸಿಕೊಂಡು, ಮಹಾರಾಜರೊಡನೆ ಅಭಿಪ್ರಾಯ ಕೂಡದೆ ಮರುವರ್ಷವೇ ಅದನ್ನು ಬಿಟ್ಟು ಬಂದರು.

1946ರಲ್ಲಿ ಅವರನ್ನು ರಾಜ್ಯಾಂಗ ಸಭೆಯ ಸಲಹೆಗಾರರನ್ನಾಗಿ ನೇಮಿಸಲಾಯಿತು. ಅವರು ಸಭೆಯ ಸದಸ್ಯರಲ್ಲ. ಅಲ್ಲಿ ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಯಾವ ಪಕ್ಷದ ಬೆಂಬಲವೂ ಬೆನ್ನಿಗಿರಲಿಲ್ಲ. ಇದ್ದದ್ದು ಲೇಖನಿಯೊಂದೇ. ಜಗತ್ತಿನ ನಾನಾ ದೇಶಗಳ ರಾಜ್ಯಾಂಗಗಳಿಂದ ಉದಾಹರಣೆಗಳನ್ನು ಆಯ್ದು, ಸದಸ್ಯರಿಗಾಗಿ ಪುಸ್ತಕಗಳ ರೂಪದಲ್ಲಿ ಒದಗಿಸಿದರು. 1947ರ ಮಾರ್ಚಿಯಲ್ಲಿ ರಾಷ್ಟ್ರಾಧ್ಯಕ್ಷನ ಸ್ಥಾನವೇನು, ಅವನನ್ನು ಆರಿಸುವ ಬಗೆ ಯಾವುದು ಎಂಬಂತಹ ಪ್ರಶ್ನೆಗಳ ಪಟ್ಟಿಯನ್ನು ಕೇಂದ್ರ ಮತ್ತು ಪ್ರಾಂತಗಳ ಶಾಸಕರಿಗೆ ಕಳುಹಿಸಿದರು. ಉತ್ತರಗಳು ವಿರಳವಾಗಿ ಬಂದುವು. ಕೊನೆಗೆ 1947ರ ಮೇ 30ರಂದು ಒಕ್ಕೂಟದ ರಾಜ್ಯಾಂಗವನ್ನು ಕುರಿತು ತಾವೇ ಒಂದು ಜ್ಞಾಪನಪತ್ರವನ್ನು ಸಿದ್ಧಪಡಿಸಿ ಮುಂದಿಟ್ಟರು.

ನಮ್ಮ ಪ್ರಶ್ನೆಯ ಬೀಜವಿರುವುದು ಆ ಪತ್ರದಲ್ಲಿ. ಮಂತ್ರಿಮಂಡಲದ ಸಲಹೆಯಂತೆ ನಡೆಯುವ ರಾಷ್ಟ್ರಪತಿ ಎಂಬ ಕಲ್ಪನೆಯನ್ನು ರಾಯರು ಒಪ್ಪಿದ್ದರು. ಆದರೆ ಎಲ್ಲ ವಿಷಯಗಳಲ್ಲಿಯೂ ಮಂತ್ರಿಮಂಡಲದ ಮಾತೇ ಕೊನೆಯದಾಗಬೇಕೆ? ಅಲ್ಪಸಂಖ್ಯಾತರ ರಕ್ಷಣೆ, ಚುನಾವಣೆಗಳ ಮೇಲ್ವಿಚಾರಣೆ ಇಂತಹ ಕೆಲವು ವಿಷಯಗಳು ಮಂತ್ರಿಗಳ ಪಕ್ಷಹಿತಕ್ಕೆ ಹತ್ತಿರವಾದುವು. ಅಲ್ಲಿ ರಾಷ್ಟ್ರಪತಿಗೆ ಸಲಹೆ ನೀಡಲು ಬೇರೆಯೇ ಒಂದು ಪರಿಷತ್ತು ಇರಬೇಕೆಂದು ರಾಯರು ಸೂಚಿಸಿದರು. ಐರ್ಲೆಂಡಿನ 1937ರ ರಾಜ್ಯಾಂಗದಲ್ಲಿ ಅಂತಹ ಪರಿಷತ್ತು ಆಗಲೇ ಇತ್ತು. ಅಲ್ಲಿ ಪ್ರಧಾನಿಯ ಜೊತೆಯಲ್ಲಿ ಮುಖ್ಯ ನ್ಯಾಯಾಧೀಶರು, ಸದನಗಳ ಅಧ್ಯಕ್ಷರು, ಹಿಂದೆ ದೊಡ್ಡ ಸ್ಥಾನಗಳಲ್ಲಿದ್ದವರು ಕೂಡುತ್ತಾರೆ. ನ್ಯಾಯಾಧೀಶರ ವಿಷಯದಲ್ಲಿ ರಾಯರು ಇನ್ನೂ ಬಿಗಿಯಾದ ನಿಯಮ ಬರೆದರು: ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ರಾಷ್ಟ್ರಪತಿ ನೇಮಿಸುವಾಗ ಆ ಪರಿಷತ್ತಿನ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆ ಬೇಕು. ನಂಟರಿದ್ದ ಪ್ರಾಂತ ತನಗೆ ಬೇಡವೆಂದ ತರುಣನ ಮನಸ್ಸೇ ಇಲ್ಲಿಯೂ ಕೆಲಸ ಮಾಡಿದೆಯೆಂದು ನನಗೆ ತೋರುತ್ತದೆ. ಎಲ್ಲರೂ ತಮ್ಮ ಮೇಲೆ ತಾವೇ ನಿಯಮ ಹೇರಿಕೊಳ್ಳುವವರಲ್ಲ; ಆದುದರಿಂದ ನಿಯಮವನ್ನು ಬರೆದಿಡಬೇಕು ಎಂಬುದು ಅದರ ತಾತ್ಪರ್ಯ.

ನೆಹರೂ ಅವರ ಅಧ್ಯಕ್ಷತೆಯ ಒಕ್ಕೂಟ ರಾಜ್ಯಾಂಗ ಸಮಿತಿ ಈ ಪರಿಷತ್ತನ್ನು ಒಪ್ಪಲಿಲ್ಲ. ಜನರಿಂದ ಆರಿಸಿಬಂದ ಮಂತ್ರಿಮಂಡಲದ ಪಕ್ಕದಲ್ಲಿ ಇನ್ನೊಂದು ಸಲಹಾಮಂಡಲವಿದ್ದರೆ ಹೊಣೆ ಎರಡು ಪಾಲಾಗುವುದೆಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನ್ಯಾಯಾಧೀಶರ ನೇಮಕಕ್ಕೆ ಮುಖ್ಯ ನ್ಯಾಯಾಧೀಶರೇ ಮೊದಲಾದವರೊಡನೆ ಸಮಾಲೋಚನೆ ಸಾಕೆಂದಾಯಿತು. ರಾಯರು ಹಟ ಹಿಡಿಯಲಿಲ್ಲ. ಸಭೆಯ ತೀರ್ಮಾನಗಳಿಗೆ ಅನುಸಾರವಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಮುಗಿಸಿಕೊಟ್ಟರು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದುವು. ಅಂಬೇಡ್ಕರರ ಕರಡು ಸಮಿತಿಯ ಕೈಯಲ್ಲಿ ಅದು 315 ವಿಧಿ, 8 ಅನುಸೂಚಿಗಳಾಗಿ, ಕೊನೆಗೆ 395 ವಿಧಿಗಳ ರಾಜ್ಯಾಂಗವಾಗಿ ಬೆಳೆಯಿತು. ತನ್ನ ಅಭಿಪ್ರಾಯ ಸೋತಾಗಲೂ ಗೆದ್ದವರ ಅಭಿಪ್ರಾಯವನ್ನು ಅಷ್ಟೇ ನಿಷ್ಠೆಯಿಂದ, ಅಷ್ಟೇ ಸ್ಪಷ್ಟವಾಗಿ ಬರೆದುಕೊಡುವುದು ಕರಡುಗಾರನ ಧರ್ಮ. ಅದನ್ನು ಪಾಲಿಸುವುದು ಕವಿಯಾಗುವುದಕ್ಕಿಂತ ಕಷ್ಟವೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು.

ಕರಡು ಮುಗಿಸಿದ ರಾಯರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ನ್ಯಾಯಾಧೀಶರನ್ನೂ ರಾಜನೀತಿಜ್ಞರನ್ನೂ ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ಫ್ರಾಂಕ್‌ಫರ್ಟರರೊಡನೆ ನಡೆದ ಅವರ ಚರ್ಚೆ ಪ್ರಸಿದ್ಧವಾದುದು. ನೇಮಕಗಳ ವಿಷಯದಲ್ಲಿ ಆ ದೇಶದ ರಾಜ್ಯಾಂಗ ಒಂದು ಮಧ್ಯಮಾರ್ಗವನ್ನು ಹಿಡಿದಿದೆ. ರಾಯಭಾರಿಗಳು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಮೊದಲಾದ ಹಿರಿಯರನ್ನು ಅಧ್ಯಕ್ಷನು ಸೆನೆಟ್ ಸಭೆಯ ಸಲಹೆ ಒಪ್ಪಿಗೆಗಳಿಂದ ನೇಮಿಸಬೇಕೆಂದು ರಾಜ್ಯಾಂಗವೇ ಹೇಳುತ್ತದೆ. ಕೆಳಗಿನ ಅಧಿಕಾರಿಗಳ ನೇಮಕವನ್ನು ಮಾತ್ರ ಅಧ್ಯಕ್ಷನೊಬ್ಬನಿಗೋ ನ್ಯಾಯಾಲಯಗಳಿಗೋ ಇಲಾಖೆಯ ಮುಖ್ಯಸ್ಥರಿಗೋ ಕಾನೂನಿನ ಮೂಲಕ ವಹಿಸಲು ಕಾಂಗ್ರೆಸ್ಸಿಗೆ ಬಿಟ್ಟಿದೆ. ಮೇಲಿನವರ ನಿಯಮ ರಾಜ್ಯಾಂಗದಲ್ಲಿ, ಕೆಳಗಿನವರ ನಿಯಮ ಕಾನೂನಿನಲ್ಲಿ ಎಂಬ ಈ ವಿಂಗಡಣೆ ನೆನಪಿಡತಕ್ಕದ್ದು. ಐರ್ಲೆಂಡಿನಲ್ಲಿಯಾದರೋ, ಮೊದಲ ರಾಷ್ಟ್ರಾಧ್ಯಕ್ಷರು ಅಧಿಕಾರ ವಹಿಸಿದ ಮೂರು ವರ್ಷಗಳವರೆಗೆ ಸಾಮಾನ್ಯ ಶಾಸನದಿಂದಲೇ ರಾಜ್ಯಾಂಗವನ್ನು ತಿದ್ದುವ ಅವಕಾಶವಿತ್ತು. ರಾಜ್ಯಾಂಗಕ್ಕೂ ಕಾನೂನಿಗೂ ನಡುವೆ ಇರುವ ಗೋಡೆಯನ್ನು ಎಲ್ಲ ದೇಶಗಳೂ ಒಂದೇ ಎತ್ತರಕ್ಕೆ ಕಟ್ಟಿಲ್ಲ.

ಪರಿಷತ್ತಿನ ಯೋಚನೆ ಬಿದ್ದುಹೋದರೂ ಅದರ ಹಿಂದಿದ್ದ ಆತಂಕ ಸಾಯಲಿಲ್ಲ. 1935ರ ಶಾಸನದ ಕಾಲದಲ್ಲಿ ಗವರ್ನರುಗಳಿಗೆ ನಿರ್ದೇಶಪತ್ರಗಳನ್ನು ಕೊಡುವ ಪದ್ಧತಿಯಿತ್ತು. ಅದೇ ರೀತಿಯಲ್ಲಿ ರಾಷ್ಟ್ರಪತಿಗೂ ನಿರ್ದೇಶಗಳ ಒಂದು ಅನುಸೂಚಿಯನ್ನು ಸೇರಿಸಬೇಕೆಂದು ಕರಡು ಸಮಿತಿ ಆಲೋಚಿಸಿತು. ಪಾರ್ಲಿಮೆಂಟಿನ ಸದಸ್ಯರೇ ಇರುವ, ಹದಿನೈದಕ್ಕೆ ಕಡಮೆಯಿಲ್ಲದ ಒಂದು ಸಲಹಾಮಂಡಲಿ. ನ್ಯಾಯಾಧೀಶರು, ರಾಯಭಾರಿಗಳು, ಮಹಾಲೇಖಪಾಲರು, ಚುನಾವಣಾ ಆಯೋಗದವರು ಇವರನ್ನೆಲ್ಲ ನೇಮಿಸುವ ಮುನ್ನ ಅದರ ಅಭಿಪ್ರಾಯ ಕೇಳುವುದು. ಇದು ಆ ಆಲೋಚನೆಯ ಸಾರ. ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದ, ಆದರೆ ರಾಜ್ಯಾಂಗದ ಬೆನ್ನಿಗೆ ಅಂಟಿಕೊಂಡಿರುವ ನಿಯಮ. 1949ರ ಅಕ್ಟೋಬರಿನಲ್ಲಿ ರಾಜ್ಯಪಾಲರ ನಿರ್ದೇಶಗಳ ಅನುಸೂಚಿಯನ್ನು ಕೈಬಿಟ್ಟಾಗ ರಾಷ್ಟ್ರಪತಿಯ ನಿರ್ದೇಶಗಳ ಯೋಜನೆಯೂ ಕೊನೆಗೊಂಡಿತು. ಸಂಪ್ರದಾಯವೇ ಸಾಕೆಂದು ಅಂದಿನವರು ನಂಬಿದರು.

ಅದಕ್ಕೆ ನಾಲ್ಕು ತಿಂಗಳ ಹಿಂದೆ, ಜೂನ್ 15 ಮತ್ತು 16ರಂದು, ಸಭೆಯಲ್ಲಿ ನಡೆದ ಚರ್ಚೆಯನ್ನು ಓದುಗರು ಮರೆಯಬಾರದು. ಚುನಾವಣಾ ಆಯೋಗದ ವಿಧಿ ಮುಂದಿತ್ತು. ಮುಖ್ಯ ಚುನಾವಣಾಧಿಕಾರಿಯನ್ನು ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟದಿಂದ ಮಾತ್ರ ತೆಗೆಯಬಹುದೆಂದು ಬರೆದಿತ್ತು; ಆದರೆ ಆತನನ್ನು ಆರಿಸುವ ಬಗೆಯನ್ನು ಬರೆದಿರಲಿಲ್ಲ. ರಾಷ್ಟ್ರಪತಿ ನೇಮಿಸುವುದೆಂದರೆ ಪ್ರಧಾನಿ ನೇಮಿಸಿದಂತೆಯೇ ಆಗುತ್ತದೆ. ಮುಂದೊಂದು ದಿನ ಆಳುವ ಪಕ್ಷದವನೇ ಆ ಪೀಠದಲ್ಲಿ ಕುಳಿತರೆ ಗತಿಯೇನು ಎಂದು ಶಿಬ್ಬನ್‌ಲಾಲ್ ಸಕ್ಸೇನರು ಕೇಳಿದರು. ಎರಡು ಸದನಗಳ ಜಂಟಿ ಅಧಿವೇಶನದಲ್ಲಿ ಮೂರರಲ್ಲಿ ಎರಡು ಪಾಲು ಬಹುಮತದ ಒಪ್ಪಿಗೆ ಬೇಕೆಂದು ಅವರ ತಿದ್ದುಪಡಿ. ಹೃದಯನಾಥ ಕುಂಜ್ರು ಅವರೂ ಆ ವಿಧಿಯ ಕೊರತೆಗಳನ್ನು ಎತ್ತಿ ತೋರಿದರು. ಅಂಬೇಡ್ಕರರು ಆಕ್ಷೇಪವನ್ನು ತಳ್ಳಿಹಾಕಲಿಲ್ಲ. ಅಯೋಗ್ಯನೊಬ್ಬ ಆ ಸ್ಥಾನಕ್ಕೆ ಬಂದನೆಂದರೆ ಅವನ ಸ್ಥಾನಭದ್ರತೆಯಿಂದ ಪ್ರಯೋಜನವಿಲ್ಲವೆಂಬುದನ್ನು ಒಪ್ಪಿಕೊಂಡರು. ಅಮೆರಿಕದ ಸೆನೆಟ್ಟಿನ ಪದ್ಧತಿಯನ್ನೂ ನಿರ್ದೇಶಪತ್ರದ ಯೋಜನೆಯನ್ನೂ ಪ್ರಸ್ತಾಪಿಸಿದರು. ಕೊನೆಗೆ ಸಭೆ ಒಂದು ಚಿಕ್ಕ ನುಡಿಗಟ್ಟಿನಲ್ಲಿ ಸಮಾಧಾನ ಕಂಡಿತು: ಪಾರ್ಲಿಮೆಂಟು ಮಾಡುವ ಕಾನೂನಿಗೆ ಒಳಪಟ್ಟು ರಾಷ್ಟ್ರಪತಿ ನೇಮಕ ಮಾಡತಕ್ಕದ್ದು. ಇಂದಿನ 324ನೆಯ ವಿಧಿಯಲ್ಲಿರುವುದು ಇದೇ. ಹೀಗೆ ನಿಯಮವು ಮೊದಲು ರಾಜ್ಯಾಂಗದ ಒಡಲಿನಲ್ಲಿ ಹುಟ್ಟಬೇಕಾಗಿತ್ತು, ಆಮೇಲೆ ಅನುಸೂಚಿಗೆ ಸರಿಯಿತು, ಕಟ್ಟಕಡೆಗೆ ಮುಂದೆಂದೋ ಬರುವ ಕಾನೂನಿನ ಮನೆಗೆ ಕಳುಹಿಸಲ್ಪಟ್ಟಿತು.

ಆ ಹೊತ್ತಿಗೆ ರಾಯರ ಕಾರ್ಯಕ್ಷೇತ್ರ ವಿಶ್ವಸಂಸ್ಥೆಯ ಕಡೆಗೆ ತಿರುಗಿತ್ತು. ಬರ್ಮಾ ದೇಶದ ರಾಜ್ಯಾಂಗ ರಚನೆಗೂ ಅವರು ಕೈನೀಡಿದ್ದರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನ್ ತಿಂಗಳಲ್ಲಿ ಕೊರಿಯದ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನೂ ಕರಡುಗಳನ್ನೂ ತಮ್ಮ ಶಿವರಾಯರು ಸಂಪಾದಿಸಿ 1960ರಲ್ಲಿ ಗ್ರಂಥರೂಪದಲ್ಲಿ ಹೊರತಂದದ್ದು ನಮ್ಮಂತಹ ಓದುಗರ ಪುಣ್ಯ.

ರಾಯರು ಹೋದ ಮೇಲೆ ಆ ಚಿಕ್ಕ ನುಡಿಗಟ್ಟಿನ ಕಥೆ ಏನಾಯಿತು? 1950ರ ಮಾರ್ಚ್ 21ರಂದು ಸುಕುಮಾರ ಸೇನರು ಮೊದಲ ಮುಖ್ಯ ಚುನಾವಣಾಧಿಕಾರಿಯಾಗಿ ನೇಮಕಗೊಂಡು, ಮೊದಲ ಮಹಾಚುನಾವಣೆಯನ್ನು ಜಗತ್ತು ಮೆಚ್ಚುವಂತೆ ನಡೆಸಿದರು. ಒಳ್ಳೆಯ ಮನುಷ್ಯ ಸಿಕ್ಕಿದಾಗ ನಿಯಮದ ಕೊರತೆ ಕಣ್ಣಿಗೆ ಬೀಳುವುದಿಲ್ಲ. ನೇಮಕದ ವಿಧಾನವನ್ನು ಕುರಿತ ಕಾನೂನು ಎಪ್ಪತ್ತು ವರ್ಷ ಕಳೆದರೂ ಬರಲಿಲ್ಲ. 2023ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು, ಪಾರ್ಲಿಮೆಂಟು ಕಾನೂನು ಮಾಡುವವರೆಗೆ ಪ್ರಧಾನಿ, ಲೋಕಸಭೆಯ ವಿರೋಧಪಕ್ಷದ ನಾಯಕ, ಮುಖ್ಯ ನ್ಯಾಯಾಧೀಶ ಈ ಮೂವರ ಸಲಹೆಯಂತೆ ನೇಮಕ ನಡೆಯಬೇಕೆಂದು ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಅದರ ಸಮಿತಿಯಲ್ಲಿ ಮುಖ್ಯ ನ್ಯಾಯಾಧೀಶರ ಬದಲು ಪ್ರಧಾನಿ ಹೆಸರಿಸುವ ಒಬ್ಬ ಕೇಂದ್ರ ಮಂತ್ರಿ ಕೂಡುತ್ತಾರೆ. ಮೂವರಲ್ಲಿ ಇಬ್ಬರು ಸರಕಾರದವರು. ಆ ಇಬ್ಬರು ಒಂದಾದರೆ ಮೂರನೆಯವರ ಮಾತು ದಾಖಲೆಗಷ್ಟೇ ಉಳಿಯುತ್ತದೆ.

ನ್ಯಾಯಾಧೀಶರ ನೇಮಕದ ದಾರಿಯಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಸಮಾಲೋಚನೆ ಎಂಬ ಪದವನ್ನು 1993ರ ತೀರ್ಪು ಹಿರಿಯ ನ್ಯಾಯಾಧೀಶರ ಕೈಯಲ್ಲಿರುವ ನಿರ್ಣಯವೆಂಬಷ್ಟು ಗಟ್ಟಿಮಾಡಿತು. ಅದರ ಸ್ಥಾನದಲ್ಲಿ ಒಂದು ಆಯೋಗವನ್ನು ತರಲು 2013ರಲ್ಲಿ ಹೊರಟಾಗ, ಅದರ ಸದಸ್ಯರು ಯಾರೆಂಬುದನ್ನು ಸಾಮಾನ್ಯ ಕಾನೂನಿನಲ್ಲಿ ಬರೆದಿದ್ದರು. ಸರಳ ಬಹುಮತದಿಂದ ನಾಳೆ ಯಾರು ಬೇಕಾದರೂ ಅದನ್ನು ಬದಲಿಸಬಹುದೆಂಬ ಟೀಕೆ ಬಂದ ಮೇಲೆ, 2014ರ ತಿದ್ದುಪಡಿಯಲ್ಲಿ ಅದನ್ನು ರಾಜ್ಯಾಂಗದೊಳಗೇ ಸೇರಿಸಿದರು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೂ ಅದರ ಜೊತೆಗಿದ್ದ ಕಾನೂನನ್ನೂ ರದ್ದುಮಾಡಿತು. ಆ ತೀರ್ಪಿನ ಗುಣದೋಷ ಬೇರೆಯ ಮಾತು. ನಿಯಮ ಎಲ್ಲಿ ಬರೆಯಲ್ಪಟ್ಟಿದೆಯೆಂಬುದೇ ನಿಯಮದ ಅರ್ಧ ಬಲವೆಂಬುದನ್ನು ಎಲ್ಲ ಪಕ್ಷದವರೂ ಆ ಸಂದರ್ಭದಲ್ಲಿ ಕಂಡುಕೊಂಡರೆಂಬುದಷ್ಟೇ ನನಗೆ ಮುಖ್ಯ.

ರಾಜ್ಯಾಂಗದಿಂದ ಕಾನೂನಿಗೆ ನಿಯಮಗಳನ್ನು ಸಾಗಿಸುವುದೇ ಪಾಪವೆಂದು ನಾನು ಹೇಳಲಾರೆ. ಅರ್ಜಿಯ ನಮೂನೆ, ಅವಧಿ, ಸಂಬಳ, ಶೋಧನೆಯ ಕ್ರಮ ಇವನ್ನೆಲ್ಲ ರಾಜ್ಯಾಂಗದಲ್ಲಿ ತುರುಕಿದರೆ ಅದು ಕಡತದ ಕಟ್ಟಾಗುತ್ತದೆ. ಕಾಲ ಬದಲಾದಾಗ ತಿದ್ದಲು ಬಾರದೆ ನಾವೇ ಸಿಕ್ಕಿಬೀಳುತ್ತೇವೆ. ನಮ್ಮ ರಾಜ್ಯಾಂಗವೇ 309ನೆಯ ವಿಧಿಯಲ್ಲಿ ಸರಕಾರಿ ನೌಕರರ ನೇಮಕದ ನಿಯಮಗಳನ್ನು ಶಾಸನಸಭೆಗಳಿಗೆ ಬಿಟ್ಟಿದೆ, ಅದು ವಿವೇಕ. ಆದರೆ ಸರಕಾರವನ್ನೇ ಅಳೆಯಬೇಕಾದ ನ್ಯಾಯಾಧೀಶ, ಲೆಕ್ಕಪರಿಶೋಧಕ, ಚುನಾವಣಾಧಿಕಾರಿ ಇವರ ವಿಷಯ ಹಾಗಲ್ಲ. ಇವರನ್ನು ಯಾರು ಆರಿಸುತ್ತಾರೆಂಬ ಒಂದೇ ಒಂದು ಅಂಶವನ್ನು ಸರಳ ಬಹುಮತದ ಕೈಗೆ ಕೊಟ್ಟರೆ, ತಕ್ಕಡಿಯನ್ನು ಹಿಡಿಯುವವನನ್ನು ಸರಕಿನ ಒಡೆಯನೇ ಗೊತ್ತುಮಾಡಿದಂತಾಗುತ್ತದೆ. ಹೇಗೆ ಆರಿಸಬೇಕೆಂಬುದು ಕಾನೂನಿನಲ್ಲಿರಲಿ. ಯಾರು ಆರಿಸಬೇಕೆಂಬುದು ರಾಜ್ಯಾಂಗದಲ್ಲಿರಲಿ. ರಾಯರ 1947ರ ಪತ್ರವನ್ನು ಓದಿದಾಗಲೆಲ್ಲ ನನಗೆ ದೊರೆಯುವ ಪಾಠ ಇದು.

ಅವರ ಪರಿಷತ್ತು ಸರಿಯಾದ ಔಷಧವಾಗಿತ್ತೋ ಇಲ್ಲವೋ, ವಾದಿಸಬಹುದು. ರೋಗವನ್ನು ಮಾತ್ರ ಅವರು ಸರಿಯಾಗಿ ಗುರುತಿಸಿದ್ದರು. ಅವರ ಬಾಳಿನಲ್ಲಿ ಚುನಾವಣೆಯ ಗೆಲುವಿಲ್ಲ, ಸೆರೆಮನೆಯಿಲ್ಲ, ಜಯಘೋಷವಿಲ್ಲ. ಸಾಲುಸಾಲಾಗಿ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಹಾಳೆಗಳಿವೆ. ಆ ಹಾಳೆಗಳಲ್ಲಿ ಉಳಿದುಕೊಂಡ ಸಾಲುಗಳಿಂದ ನಾವು ಆಳಿಸಿಕೊಳ್ಳುತ್ತಿದ್ದೇವೆ. ಬಿಟ್ಟುಹೋದ ಸಾಲುಗಳನ್ನು ಕುರಿತು ಇಂದಿಗೂ ನ್ಯಾಯಾಲಯಗಳಲ್ಲಿ, ಸದನಗಳಲ್ಲಿ ಚರ್ಚಿಸುತ್ತಿದ್ದೇವೆ.